ಓದುಗರ ಪ್ರಶ್ನೆಗೆ ಉತ್ತರ: ಉಡುಗೊರೆಗೊಂದು ಎಲೆಕ್ಟ್ರಾನಿಕ್ ಡ್ರಮ್ ಕಿಟ್

ಈ ಸಂಚಿಕೆಗೆಂದು ಬಂದ ಪತ್ರಗಳಲ್ಲಿ ಆರು, ಕಾಸರಗೋಡು ಜಿಲ್ಲೆಯ ಬೇರೆಬೇರೆ ಊರುಗಳಿಂದ ಬಂದವಾದರೂ, ಒಂದೇ ವಿಷಯವನ್ನು ಕುರಿತಿವೆ. ಮನೆಯ ಮಕ್ಕಳಿಗೆ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಕೊಡಿಸಬೇಕೆಂಬ ಆಸೆ ಇದೆ, ಕೈಯಲ್ಲಿರುವ ಹಣಕ್ಕೆ ಮಿತಿ ಇದೆ, ಏನನ್ನು ನೋಡಿ ಆರಿಸಬೇಕೆಂದು ತಿಳಿಯುತ್ತಿಲ್ಲ. ಆದುದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಮೊದಲ ಪತ್ರಕ್ಕೆ ವಿಸ್ತಾರವಾಗಿ ಉತ್ತರಿಸಿರುವುದರಿಂದ ಉಳಿದ ಐವರೂ ಅದನ್ನು ಮೊದಲು ಓದಿಕೊಳ್ಳಬೇಕೆಂದು ವಿನಂತಿ.

ಪ್ರಶ್ನೆ: ನನ್ನ ತಂಗಿಯ ಮಗನಿಗೆ ಈಗ ಹನ್ನೊಂದು ವರ್ಷ. ಬರುವ ಎಪ್ರಿಲ್ ತಿಂಗಳಲ್ಲಿ ಅವನ ಉಪನಯನ. ಎರಡು ವರ್ಷಗಳಿಂದ ಯಕ್ಷಗಾನ ತರಗತಿಯಲ್ಲಿ ಚೆಂಡೆ ಕಲಿಯುತ್ತಿದ್ದಾನೆ. ಶಾಲೆಯ ಸಮಾರಂಭದಲ್ಲಿ ಡ್ರಮ್ ಸೆಟ್ ನೋಡಿ ಬಂದ ಮೇಲೆ ಮನೆಯ ಬಕೆಟು, ಪೈಂಟಿನ ಡಬ್ಬ, ಕುರ್ಚಿಯ ಬೆನ್ನು ಎಲ್ಲವೂ ಅವನಿಗೆ ವಾದ್ಯವೇ ಆಗಿವೆ. ಸೋದರಮಾವಂದಿರಾದ ನಾನೂ ನನ್ನ ತಮ್ಮನೂ ಸೇರಿ 40,000 ರೂಪಾಯಿಯೊಳಗೆ ಒಂದು ಎಲೆಕ್ಟ್ರಾನಿಕ್ ಕಿಟ್ ಕೊಡಿಸಬೇಕೆಂದಿದ್ದೇವೆ. ಒಂದರಲ್ಲಿ ನೂರು ಧ್ವನಿಗಳು, ಇನ್ನೊಂದರಲ್ಲಿ ನಾಲ್ಕುನೂರು ಎಂದು ಬರೆದಿರುತ್ತದೆ. ಹೆಚ್ಚು ಧ್ವನಿಗಳಿರುವುದನ್ನೇ ಕೊಳ್ಳುವುದು ಸರಿಯೇ?
ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ಹುಡುಗ ಎರಡು ವರ್ಷ ಚೆಂಡೆ ಕಲಿತಿದ್ದಾನೆ ಎಂಬ ಮಾತಿನ ಕಡೆಗೆ. ಯಕ್ಷಗಾನದ ಚೆಂಡೆಯನ್ನು ಎರಡು ಕೋಲುಗಳಿಂದ ನುಡಿಸುವುದರಿಂದ ಅವನ ಮಣಿಕಟ್ಟು ಆಗಲೇ ಪಳಗಿದೆ, ತಾಳದ ಲೆಕ್ಕ ಕಿವಿಗೆ ಹತ್ತಿದೆ. ಇನ್ನೂ ಏನನ್ನೂ ಕಲಿಯದೆ ಉಳಿದಿರುವುದು ಅವನ ಎರಡು ಕಾಲುಗಳು. ಡ್ರಮ್ ಸೆಟ್ಟಿನಲ್ಲಿ ಬಲಗಾಲು ಕಿಕ್ ಎಂಬ ದೊಡ್ಡ ಡ್ರಮ್ಮಿನ ಪೆಡಲನ್ನೂ ಎಡಗಾಲು ಹೈ-ಹ್ಯಾಟಿನ, ಎಂದರೆ ಒಂದರ ಮೇಲೊಂದಿರುವ ಎರಡು ಸಿಂಬಲ್ ತಟ್ಟೆಗಳ, ಪೆಡಲನ್ನೂ ನೋಡಿಕೊಳ್ಳಬೇಕು. ಎಲ್ಲರೂ ಮೊತ್ತಮೊದಲು ಕಲಿಯುವ ನಾಲ್ಕು ಎಣಿಕೆಯ ಬೀಟಿನಲ್ಲಿಯೂ ಬಲಗೈ ಹೈ-ಹ್ಯಾಟಿನ ಮೇಲೆ ಎಂಟು ಪೆಟ್ಟು ಹಾಕುತ್ತಿರುವಾಗಲೇ ಬಲಗಾಲು ಒಂದು ಮತ್ತು ಮೂರನೆಯ ಎಣಿಕೆಗೆ ತುಳಿಯಬೇಕು, ಎಡಗೈ ಎರಡು ಮತ್ತು ನಾಲ್ಕನೆಯ ಎಣಿಕೆಗೆ ಎದುರಿಗಿರುವ ಸ್ನೇರ್ ಎಂಬ ಡ್ರಮ್ಮಿನ ಮೇಲೆ ಬೀಳಬೇಕು. ಈ ಹುಡುಗನಿಗೆ ಕೊಡುವ ಕಿಟ್ಟು ಅವನ ಕಾಲಿಗೆ ಪಾಠ ಹೇಳುವಂಥದ್ದಾಗಿರಬೇಕು. ಹಾಗಾಗಿ ಧ್ವನಿಗಳ ಸಂಖ್ಯೆಯನ್ನು ಬದಿಗಿಟ್ಟು, ಪಾದದ ಕೆಳಗೆ ಏನಿದೆ ಎಂಬುದನ್ನು ಮೊದಲು ನೋಡಿ.

ಕಡಿಮೆ ಬೆಲೆಯ ಕಿಟ್ಟುಗಳಲ್ಲಿ ಕಿಕ್ ಎರಡು ಬಗೆಯಲ್ಲಿ ಬರುತ್ತದೆ. ಒಂದು ಬಗೆಯಲ್ಲಿ ಗೇಣುದ್ದದ ಪೆಡಲ್ ಮಾತ್ರ ಇದ್ದು, ಅದನ್ನು ಒತ್ತಿದರೆ ಒಳಗಿನ ಸೆನ್ಸರ್ ಧ್ವನಿಯನ್ನು ಎಬ್ಬಿಸುತ್ತದೆ; ಬಡಿಯುವ ಬೀಟರ್ ಇರುವುದಿಲ್ಲ. ಇನ್ನೊಂದರಲ್ಲಿ ಕಿಕ್ ಟವರ್ ಎಂದು ಕರೆಯುವ, ನೆಟ್ಟಗೆ ನಿಲ್ಲುವ ಒಂದು ಪ್ಯಾಡ್ ಇರುತ್ತದೆ. ಅದಕ್ಕೆ ಸಿಕ್ಕಿಸಿದ ನಿಜವಾದ ಪೆಡಲನ್ನು ತುಳಿದಾಗ ಬೀಟರ್ ಹೋಗಿ ಪ್ಯಾಡಿಗೆ ಬಡಿದು ಹಿಂದಕ್ಕೆ ಬರುತ್ತದೆ. ಆ ಹೋಗಿ ಬರುವ ತೂಕವನ್ನು ಪಾದ ಅನುಭವಿಸುತ್ತಾ ಹೋದರೆ ಮಾತ್ರ ಮುಂದೆ ಶಾಲೆಯಲ್ಲೋ ವೇದಿಕೆಯಲ್ಲೋ ನಿಜವಾದ ಡ್ರಮ್ ಸೆಟ್ಟಿನ ಮುಂದೆ ಕುಳಿತಾಗ ಕಾಲು ತಬ್ಬಿಬ್ಬಾಗುವುದಿಲ್ಲ. ನಿಮ್ಮ ಅಳಿಯನ ವಿಷಯದಲ್ಲಿ ನನ್ನ ಆಯ್ಕೆ ನಿಸ್ಸಂದೇಹವಾಗಿ ಟವರ್ ಇರುವ ಕಿಟ್. ಪೆಡಲ್ ಜೊತೆಯಲ್ಲಿ ಬರುತ್ತದೆಯೇ ಅಥವಾ ಬೇರೆ ಕೊಳ್ಳಬೇಕೇ ಎಂಬುದನ್ನು ಮಾತ್ರ ಬಿಲ್ ಮಾಡಿಸುವ ಮೊದಲೇ ಕೇಳಿಕೊಳ್ಳಿ.

ಎರಡನೆಯದಾಗಿ ಕೋಲು ಬೀಳುವ ಮೈ. ಎಲೆಕ್ಟ್ರಾನಿಕ್ ಡ್ರಮ್ಮಿನ ಕತೆ 1981ರಲ್ಲಿ ಇಂಗ್ಲೆಂಡಿನ ಸಿಮನ್ಸ್ ಕಂಪೆನಿಯ ಆರು ಮೂಲೆಯ ಪ್ಯಾಡುಗಳಿಂದ ಹೆಸರುವಾಸಿಯಾಯಿತು. ಅವು ಎಷ್ಟು ಗಟ್ಟಿಯಾಗಿದ್ದುವೆಂದರೆ ನುಡಿಸುವವರ ಮಣಿಕಟ್ಟು ನೋಯುತ್ತಿತ್ತು. ಆ ಮೇಲೆ ರಬ್ಬರಿನ ಪ್ಯಾಡುಗಳು ಬಂದುವು. 1997ರಲ್ಲಿ ಜಪಾನಿನ ರೋಲ್ಯಾಂಡ್ ಕಂಪೆನಿ ತನ್ನ ವಿ-ಡ್ರಮ್ಸ್‌ನಲ್ಲಿ ಮೆಶ್ ಪ್ಯಾಡನ್ನು, ಎಂದರೆ ಸೊಳ್ಳೆಪರದೆಗಿಂತ ಗಟ್ಟಿಯಾದ ಹೆಣಿಗೆಯ ಬಲೆಯನ್ನು ಚರ್ಮದಂತೆ ಬಿಗಿದ ಪ್ಯಾಡನ್ನು, ತಂದಿತು. ಮೆಶ್ ಮೇಲೆ ಬಡಿದಾಗ ಶಬ್ದ ಕಡಿಮೆ, ಕೋಲು ಸಲೀಸಾಗಿ ಪುಟಿಯುತ್ತದೆ, ಬಿಗಿಯನ್ನು ಕೀಲಿಯಿಂದ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಹಿಂದೆ ದುಬಾರಿ ಕಿಟ್ಟುಗಳಲ್ಲಿ ಮಾತ್ರ ಇದ್ದ ಈ ಮೆಶ್ ಇಂದು ನಿಮ್ಮ ಮಿತಿಯ ಆಸುಪಾಸಿನಲ್ಲಿಯೂ ದೊರೆಯುತ್ತಿದೆ. ಎಲ್ಲ ಪ್ಯಾಡುಗಳಿಗೂ ಮೆಶ್ ಸಿಗದಿದ್ದರೆ ಸ್ನೇರ್ ಒಂದಾದರೂ ಮೆಶ್ ಆಗಿರಲಿ, ಮತ್ತು ಆ ಸ್ನೇರ್ ಎರಡು ವಲಯದ್ದಾಗಿರಲಿ; ನಡುವಿನಲ್ಲಿ ಬಡಿದರೆ ಒಂದು ನಾದ, ಅಂಚಿಗೆ ಬಡಿದರೆ ಇನ್ನೊಂದು ನಾದ ಬರಬೇಕು. ಚೆಂಡೆಯ ನಡುವಿಗೂ ಅಂಚಿಗೂ ಇರುವ ನಾದಭೇದವನ್ನು ಬಲ್ಲ ಹುಡುಗನಿಗೆ ಎಲ್ಲಿ ಬಡಿದರೂ ಒಂದೇ ಸ್ವರ ಬರುವ ಪ್ಯಾಡು ನಾಲ್ಕೇ ದಿನದಲ್ಲಿ ಸಪ್ಪೆಯೆನಿಸುತ್ತದೆ.

ಇನ್ನು ಧ್ವನಿಗಳ ಮಾತು. ಪ್ಯಾಡಿನ ಅಡಿಯಲ್ಲಿ ನಾಣ್ಯದಂತಹ ಒಂದು ಪೀಜೋ ಸೆನ್ಸರ್ ಇರುತ್ತದೆ. ಪೆಟ್ಟಿನ ಕಂಪನವನ್ನು ಅದು ವಿದ್ಯುತ್ತಾಗಿಸಿ ಮಾಡ್ಯೂಲ್ ಎಂಬ ಪೆಟ್ಟಿಗೆಗೆ ಕಳುಹಿಸುತ್ತದೆ. ಮಾಡ್ಯೂಲು ಆ ಪೆಟ್ಟಿನ ಬಲಕ್ಕೆ ತಕ್ಕ ಧ್ವನಿಯನ್ನು ಹೊರಡಿಸುತ್ತದೆ. ಮೆಲ್ಲಗೆ ಬಡಿದರೆ ಮೆಲ್ಲಗೆ, ಜೋರಾಗಿ ಬಡಿದರೆ ಜೋರಾಗಿ, ನಡುವಿನ ಹಂತಗಳಲ್ಲಿ ನಡುವಿನಂತೆ ಕೇಳಿಸುವುದೇ ಮಾಡ್ಯೂಲಿನ ಯೋಗ್ಯತೆ. ನಾಲ್ಕುನೂರು ಧ್ವನಿಗಳಿದ್ದರೂ ಹುಡುಗ ಮೊದಲ ಎರಡು ವರ್ಷ ಬಳಸುವುದು ನಾಲ್ಕೈದು ಸೆಟ್ಟುಗಳನ್ನು ಮಾತ್ರ. ಅದಕ್ಕಿಂತ ಎಣಿಕೆಯನ್ನು ಟಿಕ್ ಟಿಕ್ ಎಂದು ಕೇಳಿಸುವ ಮೆಟ್ರೊನೋಮ್ ಇದೆಯೇ, ಫೋನಿನ ಹಾಡನ್ನು ತಂತಿಯ ಮೂಲಕ ಒಳಗೆ ಕೊಡುವ ಆಕ್ಸ್ ಕಿಂಡಿ ಇದೆಯೇ, ಕಂಪ್ಯೂಟರಿಗೋ ಫೋನಿಗೋ ಜೋಡಿಸಲು ಯುಎಸ್‌ಬಿ-ಮಿಡಿ ಎಂಬ ಕಿಂಡಿ ಇದೆಯೇ, ಮುಂದೆ ಇನ್ನೊಂದು ಸಿಂಬಲ್ ಸೇರಿಸಲು ಖಾಲಿ ಜಾಗ ಇದೆಯೇ ಎಂದು ನೋಡಿ. ಯುಎಸ್‌ಬಿ-ಮಿಡಿ ಇದ್ದರೆ ಮುಂದೊಂದು ದಿನ ಮಾಡ್ಯೂಲಿನ ಧ್ವನಿಗಳು ಸಾಲದೆನಿಸಿದಾಗ ಕಂಪ್ಯೂಟರಿನಲ್ಲಿರುವ ಉತ್ತಮ ಧ್ವನಿಗಳನ್ನೇ ಈ ಪ್ಯಾಡುಗಳಿಂದ ನುಡಿಸಬಹುದು.

ಹೆಸರು ಹೇಳಬೇಕೆಂದರೆ, ಅಲೆಸಿಸ್ ಕಂಪೆನಿಯ ನೈಟ್ರೊ ಮೆಶ್ ಹಾಗೂ ಅದರ ಮುಂದಿನ ರೂಪವಾಗಿ 2023ರಲ್ಲಿ ಬಂದ ನೈಟ್ರೊ ಮ್ಯಾಕ್ಸ್ ಎರಡರಲ್ಲಿಯೂ ಮೆಶ್ ಪ್ಯಾಡುಗಳೂ ಕಿಕ್ ಟವರೂ ಇವೆ. ಮ್ಯಾಕ್ಸ್‌ನ ಸ್ನೇರ್ 10 ಇಂಚಿನದಾದುದರಿಂದ ಮಕ್ಕಳ ಕೈಗೆ ಸಲೀಸು. ಯಮಹಾದ ಡಿಟಿಎಕ್ಸ್ 402ಕೆ ಕಿಟ್ಟಿನ ಪ್ಯಾಡುಗಳು ರಬ್ಬರಿನವು, ಕಿಕ್ಕಿಗೆ ಬೀಟರ್ ಇಲ್ಲ. ಆದರೆ ಅದರ ಮಾಡ್ಯೂಲಿನಲ್ಲಿ ಸಮಯ ತಪ್ಪುವುದನ್ನು ತೋರಿಸಿಕೊಡುವ ಹತ್ತು ಬಗೆಯ ಅಭ್ಯಾಸ ಪಾಠಗಳಿದ್ದು, ಗುರುಗಳಿಲ್ಲದ ಊರಿನ ಮಗುವಿಗೆ ಅವು ನಿಜಕ್ಕೂ ಉಪಕಾರಿ. ಬೆಲೆಗಳು ಹಬ್ಬದ ರಿಯಾಯಿತಿಗೂ ಅಂಗಡಿಗೂ ತಕ್ಕಂತೆ ಏರಿಳಿಯುವುದರಿಂದ ನಿಮ್ಮ ಮಿತಿಯೊಳಗೆ ಆ ದಿನ ಯಾವುದು ಬರುತ್ತದೆಂದು ಮಂಗಳೂರಿನ ಅಥವಾ ಕಣ್ಣೂರಿನ ಅಂಗಡಿಗಳಲ್ಲಿ ವಿಚಾರಿಸಿ. ಸಾಧ್ಯವಿದ್ದರೆ ಹುಡುಗನನ್ನೂ ಏನಾದರೊಂದು ನೆಪ ಹೇಳಿ ಕರೆದುಕೊಂಡು ಹೋಗಿ, ಅಂಗಡಿಯಲ್ಲಿರುವ ಕಿಟ್ಟಿನ ಮುಂದೆ ಹತ್ತು ನಿಮಿಷ ಕೂರಿಸಿ ನೋಡಿ.

ಪೂರ್ತಿ 40,000ವನ್ನು ಕಿಟ್ಟಿಗೇ ಹಾಕಬೇಡಿ. ಹೆಚ್ಚಿನ ಕಿಟ್ಟುಗಳೊಂದಿಗೆ ಕುಳಿತುಕೊಳ್ಳುವ ಸ್ಟೂಲ್ ಬರುವುದಿಲ್ಲ, ಹೆಡ್‌ಫೋನ್ ಬರುವುದಿಲ್ಲ, ಧ್ವನಿ ಹೊರಡಿಸುವ ಸ್ಪೀಕರಂತೂ ಇರುವುದೇ ಇಲ್ಲ. ಇದನ್ನು ತಿಳಿಯದೆ ಪೆಟ್ಟಿಗೆ ಬಿಚ್ಚಿದ ದಿನವೇ ಮಗುವಿನ ಮುಖ ಬಾಡಿದ ಮನೆಗಳನ್ನು ನಾನು ಕಂಡಿದ್ದೇನೆ. ಏಳೆಂಟು ಸಾವಿರವನ್ನು ಮೊದಲೇ ತೆಗೆದಿರಿಸಿ. ಎತ್ತರ ಹೊಂದಿಸಬಹುದಾದ, ಅಲುಗಾಡದ ಒಂದು ಡ್ರಮ್ ಸ್ಟೂಲಿಗೆ ಇದರಲ್ಲಿ ದೊಡ್ಡ ಪಾಲು ಹೋಗಲಿ. ಊಟದ ಮೇಜಿನ ಕುರ್ಚಿಯಲ್ಲಿ ಕುಳಿತರೆ ತೊಡೆ ಮೇಲಕ್ಕೆ ಏರಿ ಪಾದಕ್ಕೆ ಬಲ ಬರುವುದಿಲ್ಲ. ತೊಡೆ ಮೊಣಕಾಲಿನ ಕಡೆಗೆ ಸ್ವಲ್ಪ ಇಳಿಜಾರಾಗಿರುವಂತೆ ಸ್ಟೂಲಿನ ಎತ್ತರ ಇರಬೇಕು, ಹುಡುಗ ಬೆಳೆದಂತೆ ಅದೂ ಏರಬೇಕು. ಕೋಲುಗಳಲ್ಲಿ ಅವನ ವಯಸ್ಸಿಗೆ 7ಎ ಅಳತೆ ಸಾಕು. ದೊಡ್ಡವರು ಹೆಚ್ಚಾಗಿ ಬಳಸುವ 5ಎಗಿಂತ ಅದು ತುಸು ಸಪೂರ. ಮೆಶ್ ಇದ್ದರೆ ನೈಲಾನ್ ತುದಿಯ ಕೋಲು ಕೊಳ್ಳಿ, ಏಕೆಂದರೆ ಸೀಳಿದ ಮರದ ತುದಿ ಬಲೆಯನ್ನು ಹರಿಯುತ್ತದೆ.

ಹೆಡ್‌ಫೋನ್ ತಂತಿಯದ್ದೇ ಆಗಿರಬೇಕು. ಬ್ಲೂಟೂತ್ ಹೆಡ್‌ಫೋನಿನಲ್ಲಿ ಧ್ವನಿ ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಪಾಲಿಗೂ ಹೆಚ್ಚು ತಡವಾಗಿ ಬರುತ್ತದೆ. ನಿಮಿಷಕ್ಕೆ 120 ಎಣಿಕೆಯ ನಡೆಯಲ್ಲಿ ಒಂದು ಎಣಿಕೆಗೆ ಅರ್ಧ ಸೆಕೆಂಡು. ಅದನ್ನು ನಾಲ್ಕಾಗಿ ಒಡೆದರೆ ಒಂದು ಪೆಟ್ಟಿಗೆ ಸೆಕೆಂಡಿನ ಎಂಟನೆಯ ಒಂದು ಪಾಲು. ಈ ಪೆಟ್ಟಿನ ಸದ್ದು ಮುಂದಿನ ಪೆಟ್ಟಿನ ಹೊತ್ತಿಗೆ ಕೇಳಿಸಿದರೆ ಮಗು ಲಯ ಕಲಿಯುವುದಾದರೂ ಹೇಗೆ? ಕೆಲವು ಮಾಡ್ಯೂಲುಗಳ ಮೇಲೆ ಬ್ಲೂಟೂತ್ ಎಂದು ಬರೆದಿರುವುದು ಹೆಚ್ಚಾಗಿ ಫೋನಿನ ಹಾಡನ್ನು ಒಳಗೆ ತರಲಿಕ್ಕೆ. ಕಿವಿಯ ವಿಷಯದಲ್ಲಿ ಇನ್ನೊಂದು ಮಾತನ್ನು ತಂಗಿಗೆ ತಪ್ಪದೆ ತಿಳಿಸಿ. ಮಕ್ಕಳು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 75 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು ಏರಿದಂತೆ ಕೇಳಬಹುದಾದ ಹೊತ್ತು ಬಹಳ ಬೇಗ ಕುಗ್ಗುತ್ತದೆ. ಮಾಡ್ಯೂಲಿನ ಧ್ವನಿಯ ಗುಬ್ಬಿಗೆ ಒಂದು ಗುರುತು ಹಾಕಿ, ಅದರಾಚೆ ತಿರುಗಿಸಬಾರದೆಂದು ಮೊದಲ ದಿನವೇ ಹುಡುಗನಿಗೆ ಹೇಳಿಬಿಡಿ.

ಕೆಲವು ವರ್ಷಗಳ ಹಿಂದೆ ನಾನು ಅಣ್ಣನ ಮಗಳಿಗೆಂದು ಚಾಪೆಯಂತೆ ಸುರುಳಿ ಸುತ್ತಬಹುದಾದ ಅಗ್ಗದ ರಬ್ಬರ್ ಡ್ರಮ್ ಒಂದನ್ನು ತರಿಸಿದ್ದೆ. ಅದರ ಪೆಡಲುಗಳು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಎರಡು ಗುಂಡಿಗಳು. ಪ್ರತಿ ತುಳಿತಕ್ಕೂ ಕಾವಿ ನೆಲದ ಮೇಲೆ ಅಂಗೈಯಗಲ ಮುಂದಕ್ಕೆ ಜಾರುತ್ತಿದ್ದುವು. ಮೆಲ್ಲಗೆ ಬಡಿದರೂ ಜೋರಾಗಿ ಬಡಿದರೂ ಒಂದೇ ಸದ್ದು. ಮೂರು ವಾರಕ್ಕೆ ಅದು ಮಂಚದ ಅಡಿ ಸೇರಿತು. ಮಗುವಿಗೆ ಆಸಕ್ತಿಯಿಲ್ಲವೆಂದು ನಾವೆಲ್ಲ ತೀರ್ಮಾನಿಸಿಬಿಟ್ಟೆವು. ಮರುವರ್ಷ ಪರಿಚಿತರೊಬ್ಬರ ಮನೆಯಲ್ಲಿ ಸಾಧಾರಣವಾದ ಆದರೆ ಸರಿಯಾದ ಕಿಟ್ಟಿನ ಮುಂದೆ ಆಕೆ ಕುಳಿತವಳು, ಊಟಕ್ಕೆ ಕರೆದರೂ ಎದ್ದು ಬರಲಿಲ್ಲ. ಒಂದು ವರ್ಷ ಅವಳ ಆಸೆಯನ್ನು ಕಟ್ಟಿಹಾಕಿದ್ದು ನಾನು ತಂದ ವಸ್ತುವೇ ಎಂಬ ನೋವು ನನಗೆ ಇಂದಿಗೂ ಇದೆ. ಹಣ ಸಾಲದಿದ್ದರೆ ಆಟಿಕೆ ಕೊಡಿಸಬೇಡಿ. ಒಂದು ಒಳ್ಳೆಯ ರಬ್ಬರಿನ ಪ್ರಾಕ್ಟೀಸ್ ಪ್ಯಾಡನ್ನೂ ಕೋಲುಗಳನ್ನೂ ಕೊಡಿಸಿ, ಕಿಟ್ಟಿಗಾಗಿ ಇನ್ನೊಂದು ವರ್ಷ ಉಳಿಸಿ. ಆ ಪ್ಯಾಡ್ ಎಂದೂ ವ್ಯರ್ಥವಾಗುವುದಿಲ್ಲ.

ಕೊಡುವ ದಿನದ ಬಗ್ಗೆಯೂ ಒಂದು ಸಲಹೆ. ಉಪನಯನದ ಮನೆಯಲ್ಲಿ ಪೆಟ್ಟಿಗೆ ಬಿಚ್ಚಬೇಡಿ. ಹತ್ತು ಮಕ್ಕಳು ಮುತ್ತಿದ ಜಾಗದಲ್ಲಿ ಕ್ಲ್ಯಾಂಪು, ಬೋಲ್ಟು, ಕೇಬಲುಗಳು ದಿಕ್ಕಾಪಾಲಾಗುತ್ತವೆ. ಆ ದಿನ ಮಂತ್ರಾಕ್ಷತೆಯೊಂದಿಗೆ ಅವನ ಕೈಗೆ ಒಂದು ಜೊತೆ ಕೋಲುಗಳನ್ನು ಮಾತ್ರ ಕೊಡಿ. ನೆಂಟರೆಲ್ಲ ಹೊರಟ ಮೇಲೆ ಒಂದು ಭಾನುವಾರ ಬೆಳಗ್ಗೆ ಹೋಗಿ, ಎರಡು ಗಂಟೆ ಬಿಡುವು ಮಾಡಿಕೊಂಡು, ಅವನನ್ನು ಜೊತೆಗೆ ಕೂರಿಸಿಕೊಂಡೇ ಕಿಟ್ಟನ್ನು ಜೋಡಿಸಿ. ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ತಿಳಿದ ಮಗು ಮುಂದೆ ಒಂದು ಪ್ಯಾಡು ಸುಮ್ಮನಾದಾಗ ತಾನೇ ಹುಡುಕಿ ಸರಿಪಡಿಸಿಕೊಳ್ಳುತ್ತದೆ. ಅಡಿಯಲ್ಲಿ ದಪ್ಪನೆಯ ಜಮಖಾನೆಯನ್ನೋ ತೆಂಗಿನ ನಾರಿನ ಚಾಪೆಯನ್ನೋ ಹಾಸಲು ಮರೆಯಬೇಡಿ. ಟೈಲ್ಸ್ ನೆಲದ ಮೇಲೆ ಕಿಕ್ ಟವರ್ ಓಡಿಹೋಗುತ್ತದೆ.

ಪ್ರಶ್ನೆ: ನಾವು ಫ್ಲ್ಯಾಟಿನ ಎರಡನೆಯ ಮಹಡಿಯಲ್ಲಿದ್ದೇವೆ. ಎಲೆಕ್ಟ್ರಾನಿಕ್ ಕಿಟ್ಟಿಗೆ ಹೆಡ್‌ಫೋನ್ ಹಾಕಿದರೆ ಹೊರಗೆ ಏನೂ ಕೇಳುವುದಿಲ್ಲವೆಂದು ಹೇಳುತ್ತಾರೆ. ಕೆಳಗಿನ ಮನೆಯವರು ವಯಸ್ಸಾದವರು. ಮಗಳಿಗೆ ಕೊಡಿಸಬಹುದೇ?
ಓದುಗರೊಬ್ಬರು, ವಿದ್ಯಾನಗರ, ಕಾಸರಗೋಡು

ಉತ್ತರ: ಏನೂ ಕೇಳುವುದಿಲ್ಲ ಎನ್ನುವುದು ಸರಿಯಲ್ಲ. ಸದ್ದು ಎರಡು ದಾರಿಯಲ್ಲಿ ಹೋಗುತ್ತದೆ. ಪ್ಯಾಡಿನ ಮೇಲೆ ಕೋಲು ಬೀಳುವ ಟಕ್ ಟಕ್ ಗಾಳಿಯಲ್ಲಿ ಹೋಗುತ್ತದೆ. ಬಾಗಿಲು ಮುಚ್ಚಿದರೆ ಅದು ಬಹುಮಟ್ಟಿಗೆ ಅಡಗುತ್ತದೆ, ಮೆಶ್ ಆದರೆ ಇನ್ನೂ ಕಡಿಮೆ. ಎರಡನೆಯದು ಕಾಲಿನ ತುಳಿತ. ಅದು ನೆಲದ ಸ್ಲ್ಯಾಬಿನೊಳಗೆ ಇಳಿದು ಕೆಳಗಿನ ಮನೆಯ ತಾರಸಿಯಲ್ಲಿ ಧೊಪ್ ಧೊಪ್ ಎಂದು ಏಳುತ್ತದೆ. ಮೇಲೆ ಯಾರೋ ಒನಕೆಯಲ್ಲಿ ಕುಟ್ಟಿದಂತೆ ಅದು ಕೆಳಗಿನವರಿಗೆ ಕೇಳಿಸುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಹಿಂದಿನ ಉತ್ತರದಲ್ಲಿ ಕಿಕ್ ಟವರನ್ನು ಹೊಗಳಿದ ನಾನು ನಿಮಗೆ ಮಾತ್ರ ಬೀಟರ್ ಇಲ್ಲದ ಪೆಡಲಿನ ಕಿಟ್ಟನ್ನೇ ಸೂಚಿಸುತ್ತೇನೆ.

ಟವರೇ ಬೇಕೆಂದಾದರೆ ಒಂದು ವೇದಿಕೆ ಮಾಡಿಸಬಹುದು. 18 ಮಿಲಿಮೀಟರ್ ದಪ್ಪದ ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನ್ನಿಸ್ ಚೆಂಡುಗಳನ್ನು ಸಾಲಾಗಿ ಇರಿಸಬೇಕು. ಕೆಳಗಿನ ಹಲಗೆಯಲ್ಲಿ ಚೆಂಡು ಅರೆಬರೆ ಕೂರುವಷ್ಟು ರಂಧ್ರ ಕೊರೆಸಿದರೆ ಅವು ಉರುಳುವುದಿಲ್ಲ. ಕಿಟ್ಟು, ಸ್ಟೂಲು, ಮಗು ಮೂವರೂ ಮೇಲಿನ ಹಲಗೆಯ ಮೇಲಿರಬೇಕು, ಹಲಗೆ ಯಾವ ಗೋಡೆಗೂ ತಾಗಬಾರದು. ಊರಿನ ಆಚಾರಿಯೊಬ್ಬರಿಗೆ ಇದು ಒಂದು ದಿನದ ಕೆಲಸ. ತುಳಿತದ ಸದ್ದು ಇದರಿಂದ ಚೆನ್ನಾಗಿ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದುದರಿಂದ ಕಿಟ್ಟು ತರುವ ಮೊದಲೇ ಮಗಳನ್ನು ಕರೆದುಕೊಂಡು ಕೆಳಗಿನ ಹಿರಿಯರ ಮನೆಗೆ ಹೋಗಿ, ಅವರು ಮಲಗುವ ಹೊತ್ತನ್ನು ಕೇಳಿಕೊಳ್ಳಿ. ಜೋಡಿಸಿದ ದಿನ ಅವಳು ನುಡಿಸುತ್ತಿರುವಾಗ ನೀವು ಕೆಳಗಿನ ಮನೆಯಲ್ಲಿ ಕುಳಿತು ಕೇಳಿ ಬನ್ನಿ. ಹಳೆಯ ಹೆಂಚಿನ ಮನೆಗಳ ಮರದ ಹಲಗೆಯ ಉಪ್ಪರಿಗೆಯಲ್ಲಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಹಲಗೆಯೇ ಚೆಂಡೆಯಂತೆ ಮೊಳಗುತ್ತದೆ, ಕಿಟ್ಟನ್ನು ಚಾವಡಿಯ ಪಕ್ಕದ ಕೋಣೆಗೆ ಇಳಿಸುವುದೇ ಲೇಸು.

ಪ್ರಶ್ನೆ: ನನ್ನ ಭಾವ ದುಬಾಯಿಯಲ್ಲಿದ್ದಾರೆ. ಅಲ್ಲಿ ಕಡಿಮೆಗೆ ಸಿಗುತ್ತದೆ, ಊರಿಗೆ ಬರುವಾಗ ತರುತ್ತೇನೆ ಎನ್ನುತ್ತಿದ್ದಾರೆ. ತರಿಸಬಹುದೇ?
ಓದುಗರೊಬ್ಬರು, ಉಪ್ಪಳ

ಉತ್ತರ: ವಿದ್ಯುತ್ತಿನ ದೃಷ್ಟಿಯಿಂದ ತೊಂದರೆಯಿಲ್ಲ, ಅಲ್ಲಿಯ ವೋಲ್ಟೇಜೂ ಇಲ್ಲಿಯದೂ ಒಂದೇ ಮಟ್ಟದ್ದು, ಅಡಾಪ್ಟರಿನ ಚಪ್ಪಟೆ ಮೂರು ಕಡ್ಡಿಯ ಪ್ಲಗ್ಗಿಗೆ ಮಾತ್ರ ಬದಲಿ ಬೇಕು. ಆದರೆ ಕಿಟ್ಟಿನ ಪೆಟ್ಟಿಗೆ ಭಾರವಾದದ್ದೂ ಉದ್ದವಾದದ್ದೂ ಆಗಿರುತ್ತದೆ. ಭಾವನವರ ಲಗೇಜಿನ ಮಿತಿಯ ದೊಡ್ಡ ಪಾಲನ್ನು ಅದೊಂದೇ ನುಂಗಬಹುದು, ಸುಂಕವಿಲ್ಲದೆ ತರಬಹುದಾದ ಮೌಲ್ಯದ ಮಿತಿಯನ್ನೂ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ನಡೆಯುತ್ತದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಬೇಕು, ಹೆಚ್ಚಾಗಿ ನಡೆಯುವುದಿಲ್ಲ. ಉಳಿಯುವ ಹಣ ಸಣ್ಣದಾದರೆ ಕಿಟ್ಟನ್ನು ಇಲ್ಲಿಯೇ ಕೊಂಡು, ಭಾವನವರಿಂದ ಒಳ್ಳೆಯ ಹೆಡ್‌ಫೋನ್ ಮತ್ತು ಕೋಲುಗಳನ್ನು ತರಿಸಿಕೊಳ್ಳಿ. ಆನ್‌ಲೈನಿನಲ್ಲಿ ತರಿಸುವುದಿದ್ದರೆ 671ರಿಂದ ಆರಂಭವಾಗುವ ನಮ್ಮ ಪಿನ್‌ಕೋಡುಗಳಿಗೆ ಇಷ್ಟು ದೊಡ್ಡ ಪೆಟ್ಟಿಗೆ ಮನೆಬಾಗಿಲಿಗೆ ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಮಗಳು ಪ್ಲಸ್ ವನ್. ಭಜನಾ ಮಂದಿರದ ಹಾಡುಗಳಿಗೂ ಊರಿನ ರಸಮಂಜರಿಗೂ ರಿದಂ ಪ್ಯಾಡ್ ನುಡಿಸಲು ಕರೆಯುತ್ತಿದ್ದಾರೆ. 25,000 ರೂಪಾಯಿಗೆ ಡ್ರಮ್ ಕಿಟ್ ಕೊಡಿಸಲೇ, ಪ್ಯಾಡ್ ಕೊಡಿಸಲೇ?
ಓದುಗರೊಬ್ಬರು, ಕುಂಬಳೆ

ಉತ್ತರ: ಅವಳಿಗೆ ಕರೆ ಬರುತ್ತಿರುವುದು ಪ್ಯಾಡಿಗಾಗಿ, ಆದುದರಿಂದ ಪ್ಯಾಡನ್ನೇ ಕೊಡಿಸಿ. ರೋಲ್ಯಾಂಡಿನ ಆಕ್ಟೋಪ್ಯಾಡ್ 1985ರಲ್ಲಿ ಬಂದಂದಿನಿಂದ ಇಂದಿನವರೆಗೆ ನಮ್ಮ ರಸಮಂಜರಿಗಳ ವೇದಿಕೆಯಲ್ಲಿ ತಬಲದ ಪಕ್ಕದಲ್ಲಿ ಎಂಟು ಚೌಕದ ಆ ಪೆಟ್ಟಿಗೆ ಇರುವುದಕ್ಕೆ ಕಾರಣವಿದೆ. ಒಂದೇ ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ, ಸ್ಕೂಟರಿನಲ್ಲಿಯೂ ಒಯ್ಯಬಹುದು, ಢೋಲಕ್ಕಿನಿಂದ ಡ್ರಮ್ಮಿನವರೆಗೆ ಎಲ್ಲವೂ ಒಂದರಲ್ಲೇ ಇದೆ. ಹೊಸ ಆಕ್ಟೋಪ್ಯಾಡ್ ನಿಮ್ಮ ಮಿತಿಯನ್ನು ಮೀರುತ್ತದೆ. ಹಳೆಯದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ. ಸದ್ಯಕ್ಕೆ ಅಭ್ಯಾಸಕ್ಕೆಂದರೆ ಯಮಹಾದ ಡಿಡಿ-75 ನೋಡಬಹುದು. ಎಂಟು ಪ್ಯಾಡು, ಎರಡು ಪೆಡಲು, ಒಳಗೇ ಸ್ಪೀಕರು ಇವೆ, ಬ್ಯಾಟರಿಯಲ್ಲಿಯೂ ನಡೆಯುತ್ತದೆ; ಕೋಲಿಲ್ಲದೆ ಕೈಯಿಂದ ನುಡಿಸುವ ಕ್ರಮವೂ ಇರುವುದರಿಂದ ಮೃದಂಗವೋ ತಬಲವೋ ಅಭ್ಯಾಸವಿದ್ದ ಬೆರಳುಗಳಿಗೆ ಒಗ್ಗುತ್ತದೆ.

ಪ್ರಶ್ನೆ: ಎಲೆಕ್ಟ್ರಾನಿಕ್ ಕಿಟ್ಟಿನಲ್ಲಿ ಕಲಿತವರಿಗೆ ನಿಜವಾದ ಡ್ರಮ್ ನುಡಿಸಲು ಬರುತ್ತದೆಯೇ? ಮಗನಿಗೆ ಶಾಲಾ ಕಲೋತ್ಸವದ ತ್ರಿಪಲ್-ಜಾಸ್ ಎಂಬ ಡ್ರಮ್ ಸ್ಪರ್ಧೆಯಲ್ಲಿ ಭಾಗವಹಿಸುವ ಆಸೆ.
ಓದುಗರೊಬ್ಬರು, ಮಂಜೇಶ್ವರ

ಉತ್ತರ: ಬರುತ್ತದೆ, ಆದರೆ ಒಂದು ಕೊರತೆಯನ್ನು ತುಂಬಿಕೊಳ್ಳಬೇಕು. ಹೆಡ್‌ಫೋನಿನಲ್ಲಿ ಎಲ್ಲ ವಾದ್ಯಗಳ ಸದ್ದನ್ನೂ ಮಾಡ್ಯೂಲು ಸರಿತೂಗಿಸಿ ಕೊಡುತ್ತದೆ; ನಿಜವಾದ ಸೆಟ್ಟಿನಲ್ಲಿ ಆ ತೂಕವನ್ನು ಕೈಯೇ ಹಿಡಿಯಬೇಕು. ಮನೆಯಲ್ಲಿ ಸಿಂಬಲಿಗೆ ಜೋರಾಗಿ ಬಡಿದು ರೂಢಿಯಾದ ಹುಡುಗ ವೇದಿಕೆಯಲ್ಲಿ ಹಾಗೆಯೇ ಬಡಿದರೆ ಮಿಕ್ಕೆಲ್ಲವೂ ಮುಳುಗಿಹೋಗುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ನಿಜವಾದ ಸೆಟ್ಟಿನ ಮುಂದೆ ಒಂದು ಗಂಟೆ ಕೂರುವ ವ್ಯವಸ್ಥೆಯನ್ನು ಶಾಲೆಯಲ್ಲೋ, ಮಂಗಳೂರಿನ ತರಗತಿಯಲ್ಲೋ, ಪರಿಚಯವಿರುವ ಚರ್ಚಿನ ಗಾಯನ ತಂಡದಲ್ಲೋ ಮಾಡಿಸಿ. ಉಳಿದ ದಿನಗಳ ಅಭ್ಯಾಸಕ್ಕೆ ಮನೆಯ ಕಿಟ್ಟು ಧಾರಾಳವಾಗಿ ಸಾಕು.

ಪ್ರಶ್ನೆ: ಬಳಸಿದ ಕಿಟ್ ಒಂದು 18,000 ರೂಪಾಯಿಗೆ ಸಿಗುತ್ತದೆ. ಅಡಿಕೆಯ ಹಣ ಕೈಗೆ ಬರುವವರೆಗೆ ಅಷ್ಟೇ ಸಾಧ್ಯ. ಕೊಳ್ಳಬಹುದೇ? ನೋಡುವಾಗ ಏನನ್ನು ಗಮನಿಸಬೇಕು?
ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಖಂಡಿತ ಕೊಳ್ಳಬಹುದು. ಅಗ್ಗದ ಹೊಸ ಕಿಟ್ಟಿಗಿಂತ ಒಳ್ಳೆಯ ಹಳೆಯ ಕಿಟ್ಟು ಎಷ್ಟೋ ಮೇಲು. ಆದರೆ ಚಿತ್ರ ನೋಡಿ ಹಣ ಕಳುಹಿಸಬೇಡಿ. ಹಗಲಿನಲ್ಲಿ, ನಿಮ್ಮದೇ ಹೆಡ್‌ಫೋನ್ ತೆಗೆದುಕೊಂಡು, ಅದರ ಪಿನ್ನು ಕೆಲವು ಮಾಡ್ಯೂಲುಗಳಲ್ಲಿರುವ ದಪ್ಪ ಕಿಂಡಿಗೆ ಸೇರಲು ಬೇಕಾದ 6.35 ಮಿಲಿಮೀಟರಿನ ಕನೆಕ್ಟರನ್ನೂ ಜೇಬಿಗೆ ಹಾಕಿಕೊಂಡು ಹೋಗಿ.

ಪ್ರತಿಯೊಂದು ಪ್ಯಾಡಿಗೂ ಬೆರಳ ತುದಿಯಿಂದ ತಟ್ಟುವಷ್ಟು ಮೆಲ್ಲಗಿನಿಂದ ಆರಂಭಿಸಿ ಪೂರ್ತಿ ಬಲದವರೆಗೆ ಹತ್ತು ಪೆಟ್ಟು ಹಾಕಿ. ಸದ್ದು ಹಂತಹಂತವಾಗಿ ಏರಬೇಕು. ನಡುವೆ ಒಂದೆರಡು ಪೆಟ್ಟು ಕೇಳಿಸದೆ ಹೋದರೆ ಒಳಗಿನ ಸೆನ್ಸರ್ ಅಂಟು ಬಿಟ್ಟಿರಬಹುದು ಅಥವಾ ಬೆಸುಗೆ ಸಡಿಲವಾಗಿರಬಹುದು. ಒಂದು ಪೆಟ್ಟಿಗೆ ಎರಡು ಸದ್ದು ಬಂದರೆ ಗಾಬರಿ ಬೇಡ. ಮಾಡ್ಯೂಲಿನಲ್ಲಿ ಸೆನ್ಸಿಟಿವಿಟಿ ಇಳಿಸಿದರೆ ಅದು ಹೆಚ್ಚಾಗಿ ಸರಿಹೋಗುತ್ತದೆ. ಸ್ನೇರ್‌ಗೆ ಬಡಿದಾಗ ಪಕ್ಕದ ಟಾಮ್ ಡ್ರಮ್ಮಿನ ಪ್ಯಾಡು ತಾನಾಗಿ ನುಡಿದರೆ ಚೌಕಟ್ಟಿನ ಕ್ಲ್ಯಾಂಪುಗಳು ಸಡಿಲವಾಗಿವೆಯೇ ನೋಡಿ. ಕ್ರ್ಯಾಶ್ ಸಿಂಬಲಿಗೆ ಬಡಿದು ಅಂಚನ್ನು ಹಿಡಿದಾಗ ಸದ್ದು ನಿಲ್ಲುವ ಸೌಲಭ್ಯವಿದೆಯೆಂದು ಮಾರುವವರು ಹೇಳಿದರೆ ಅದನ್ನೂ ಹಿಡಿದು ನೋಡಿ. ಕಿಕ್ಕನ್ನು ಒಂದೇ ಸಮನೆ ಇಪ್ಪತ್ತು ಬಾರಿ ತುಳಿದು ಇಪ್ಪತ್ತೂ ಕೇಳಿಸಿತೇ ಎಂದು ಎಣಿಸಿ. ಹೈ-ಹ್ಯಾಟ್ ಪೆಡಲನ್ನು ನಿಧಾನವಾಗಿ ಒತ್ತುತ್ತಾ ಮೇಲೆ ಬಡಿಯುತ್ತಿದ್ದರೆ ತೆರೆದ ಸದ್ದು ಮುಚ್ಚಿದ ಸದ್ದಾಗಿ ಬದಲಾಗಬೇಕು. ಬೇಗ ಸವೆಯುವ ಭಾಗಗಳಲ್ಲಿ ಅದೂ ಒಂದು.

ಅನೇಕ ಕಿಟ್ಟುಗಳಲ್ಲಿ ಎಲ್ಲ ಪ್ಯಾಡುಗಳ ತಂತಿಗಳೂ ಒಂದೇ ಅಗಲವಾದ ಕನೆಕ್ಟರಿನ ಮೂಲಕ ಮಾಡ್ಯೂಲನ್ನು ಸೇರುತ್ತವೆ. ಹಳೆಯ ಕಂಪ್ಯೂಟರಿನ ಪ್ರಿಂಟರ್ ಕೇಬಲಿನ ತುದಿಯಂತೆ ಇರುವ ಅದರ ಒಳಗೆ ಎರಡು ಸಾಲಿನಲ್ಲಿ ಸೂಜಿಯಂತಹ ಕಡ್ಡಿಗಳಿವೆ. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಒಂದು ಕಡ್ಡಿ ಬಾಗಿದ್ದರೂ ಒಂದು ಪ್ಯಾಡು ಮೂಕವಾಗುತ್ತದೆ; ಹಸಿರು ಕಿಲುಬು ಕಂಡರೆ ಒಂದು ಮಳೆಗಾಲವನ್ನು ಅದು ಎಲ್ಲೋ ತಂಡಿ ಹಿಡಿದ ಮೂಲೆಯಲ್ಲಿ ಕಳೆದಿದೆ ಎಂದರ್ಥ. ಅಡಾಪ್ಟರ್ ಮೂಲದ್ದೇ ಆಗಿರಬೇಕು. ಬದಲಿಯಾದರೆ ಅದರ ಮೇಲೆ ಬರೆದ ವೋಲ್ಟು ಹಾಗೂ ಧನ-ಋಣದ ಗುರುತು ಮಾಡ್ಯೂಲಿನ ಮೇಲಿರುವುದಕ್ಕೆ ಹೊಂದಬೇಕು, ಆಂಪಿಯರ್ ಅದಕ್ಕಿಂತ ಕಡಿಮೆಯಿರಬಾರದು. ಕ್ಲ್ಯಾಂಪಿನ ರೆಕ್ಕೆ-ಬೋಲ್ಟು ಒಂದೆರಡು ಕಳೆದುಹೋಗಿದ್ದರೆ ಚಿಂತೆಯಿಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯದು ಸಿಗುತ್ತದೆ.

ಮನೆಗೆ ತಂದ ಮೇಲೆ ಗೋಡೆಗೆ ತಾಗಿಸದೆ, ಕಿಟಕಿಯ ಎರಚಲು ಬೀಳದ ಕಡೆ ಇರಿಸಿ. ಪ್ಲಾಸ್ಟಿಕ್ ಹೊದೆಸಿದರೆ ಒಳಗೆ ತೇವ ನಿಲ್ಲುತ್ತದೆ. ಹಳೆಯ ಹತ್ತಿಯ ಸೀರೆಯೊಂದನ್ನು ಹೊದೆಸಿ. ನಮ್ಮ ಕಡೆ ಎಪ್ರಿಲ್-ಮೇ ತಿಂಗಳ ಸಂಜೆಗಳಲ್ಲೂ ಅಕ್ಟೋಬರ್-ನವೆಂಬರ್ ತಿಂಗಳ ಮಳೆಯಲ್ಲೂ ಸಿಡಿಲು ಹೆಚ್ಚು. ಆ ದಿನಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ನುಡಿಸಿ ಮುಗಿದ ಕೂಡಲೇ ಅಡಾಪ್ಟರನ್ನು ಗೋಡೆಯ ಪ್ಲಗ್ಗಿನಿಂದಲೇ ಕಿತ್ತಿಡುವ ಕೆಲಸವನ್ನು ಮಗುವಿಗೇ ವಹಿಸಿಕೊಡಿ. ತೋಟದ ಪಂಪು ಚಾಲೂ ಆದಾಗಲೆಲ್ಲ ದೀಪ ಮಂಕಾಗುವ ಮನೆಯಾದರೆ, ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ ನೋಡಿ. ಹಾಗಿದ್ದರೆ ಆ ಏರಿಳಿತವನ್ನು ಅದು ತಾಳಿಕೊಳ್ಳುತ್ತದೆ.